ಮೂರೇ ವರ್ಷಕ್ಕೆ ಖಾಲಿಯಾಗುವ ತಂಡ: ಕರಾವಳಿಯ ಕಾಲೇಜು ಫುಟ್‌ಬಾಲ್ ಕೋಚ್‌ಗೆ ಒಂದು ಕೈಪಿಡಿ

ಕ್ಲಬ್ ಕೋಚ್‌ಗೆ ಒಬ್ಬ ಒಳ್ಳೆಯ ಸ್ಟಾಪರ್ (ಗೋಲಿನ ಎದುರು ನಿಂತು ತಡೆಯುವ ರಕ್ಷಣಾ ಆಟಗಾರ) ಸಿಕ್ಕಿದರೆ ಹತ್ತು ವರ್ಷ ನಿಶ್ಚಿಂತೆ. ಕಾಲೇಜು ಕೋಚ್‌ಗೆ ಆ ಭಾಗ್ಯ ಇಲ್ಲ. ಹುಡುಗ ಆಟ ಕಲಿತು ಒಂದು ಹದಕ್ಕೆ ಬರುವಷ್ಟರಲ್ಲಿ ಪದವಿಯ ಮೂರನೇ ವರ್ಷ ಮುಗಿದಿರುತ್ತದೆ, ಎಂಜಿನಿಯರಿಂಗ್ ಆದರೆ ನಾಲ್ಕನೆಯದು. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ಈ ಕೆಲಸ ಮಾಡಬೇಕೆಂದು ಹೊರಟವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಇದು. ಹನ್ನೊಂದು ಜನರನ್ನು ಕಟ್ಟುವ ಕೆಲಸ ಪ್ರತಿ ಜೂನ್‌ನಲ್ಲೂ ಮತ್ತೆ ಶುರುವಾಗುತ್ತದೆ. ಉಳಿಯುವುದು ನಿಮ್ಮ ರಿಜಿಸ್ಟರ್, ನಿಮ್ಮ ಮೈದಾನ, ನಿಮ್ಮ ಕ್ಯಾಲೆಂಡರ್. ಹಾಗಾಗಿ ಈ ಕೈಪಿಡಿಯಲ್ಲಿ ಫಾರ್ಮೇಷನ್ ಚರ್ಚೆ ಕಡಿಮೆ, ಈ ಮೂರರ ಮಾತು ಹೆಚ್ಚು.

ಅರ್ಹತೆಯ ವಿಷಯ

ಯುಜಿಸಿ ವೇತನದ ದೈಹಿಕ ಶಿಕ್ಷಣ ನಿರ್ದೇಶಕ ಹುದ್ದೆಗೆ ದೈಹಿಕ ಶಿಕ್ಷಣ ಅಥವಾ ಕ್ರೀಡಾ ವಿಜ್ಞಾನದಲ್ಲಿ ಕನಿಷ್ಠ 55 ಶೇಕಡಾ ಅಂಕದ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ಸ್ಲೆಟ್ ಅರ್ಹತಾ ಪರೀಕ್ಷೆಯ ತೇರ್ಗಡೆ ಬೇಕು. ದೇಹದಾರ್ಢ್ಯ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1,800 ಮೀಟರ್ ಮುಟ್ಟಬೇಕು. ಆದರೆ ಎಂಪಿಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡಿದವರಿಗೆಲ್ಲ ಫುಟ್‌ಬಾಲ್ ಕಲಿಸಲು ಬರುತ್ತದೆ ಎಂದೇನಿಲ್ಲ. ಅದಕ್ಕೆ ಎರಡು ದಾರಿಗಳಿವೆ. ಒಂದು, ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ, ನಮ್ಮವರ ಬಾಯಲ್ಲಿ ‘ಎನ್‌ಐಎಸ್’. ಇನ್ನೊಂದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಲೈಸೆನ್ಸ್ ಮೆಟ್ಟಿಲುಗಳು: ಡಿ, ಆಮೇಲೆ ಸಿ, ಬಿ, ಎ. ಕಾಲೇಜು ಮಟ್ಟಕ್ಕೆ ಡಿ ಲೈಸೆನ್ಸ್ ಕೆಲಸದ ಮೊದಲ ಎರಡು ವರ್ಷದಲ್ಲೇ ಮುಗಿಸಿ. ಸಿ ಲೈಸೆನ್ಸಿಗೆ ಹೋಗುವಷ್ಟರಲ್ಲಿ ಕೈಯಲ್ಲಿ ಒಂದು ತಂಡ ಇರಬೇಕು, ಇಲ್ಲದಿದ್ದರೆ ಕಲಿತದ್ದು ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ ಎಂಬುದರ ಮೇಲೆ ನಿಮ್ಮ ಇಡೀ ವರ್ಷ ನಿಂತಿದೆ. ಸಾಮಾನ್ಯ ಪದವಿ ಕಾಲೇಜುಗಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಗೆ ಹೋಗುತ್ತವೆ. ವಿಟಿಯು ಸಂಯೋಜಿತ ಎಂಜಿನಿಯರಿಂಗ್ ಕಾಲೇಜಿನ ದಾರಿ ಬೇರೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳದ್ದು ಬೇರೆ. ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ತಂಡವನ್ನು ನೇರ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಕಳಿಸುತ್ತವೆ. ಪಿಯು ವಿಭಾಗ ಒಂದೇ ಕ್ಯಾಂಪಸ್ಸಿನಲ್ಲಿದ್ದರೂ ಅದರ ಕ್ರೀಡಾಕೂಟ ಪಿಯು ಇಲಾಖೆಯದ್ದು, ತಾಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. ಹೊಸ ಕೋಚ್ ಮೊದಲ ವಾರದಲ್ಲೇ ಹಿಂದಿನ ಮೂರು ವರ್ಷದ ಸುತ್ತೋಲೆಗಳನ್ನು ಆಫೀಸಿನಿಂದ ತೆಗೆಸಿ, ಟೂರ್ನಿ ಯಾವ ವಾರದಲ್ಲಿ ಬಿದ್ದಿತ್ತು, ಇಂಟರ್ನಲ್ ಪರೀಕ್ಷೆ ಯಾವ ವಾರದಲ್ಲಿತ್ತು ಎಂದು ಒಂದೇ ಹಾಳೆಯಲ್ಲಿ ಬರೆದುಕೊಳ್ಳಲಿ. ತಾರೀಕು ಪ್ರತಿ ವರ್ಷ ಜಾರುತ್ತದೆ, ಆದರೆ ಎಷ್ಟು ಜಾರಬಹುದು ಎಂಬ ಅಂದಾಜು ಸಿಗುತ್ತದೆ.

ರಿಜಿಸ್ಟರ್

ಒಂದು ದಪ್ಪ ಲಾಂಗ್ ನೋಟ್‌ಬುಕ್, ಅದರದ್ದೇ ನಕಲು ಕಂಪ್ಯೂಟರಿನಲ್ಲಿ. ಪ್ರತಿ ಆಟಗಾರನಿಗೆ ಒಂದು ಪುಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಹೆಸರು ಮತ್ತು ಜನ್ಮದಿನಾಂಕ, ಪಿಯುಸಿ ಪಾಸಾದ ವರ್ಷ ಮತ್ತು ತಿಂಗಳು, ನೋಂದಣಿ ಸಂಖ್ಯೆ, ರಕ್ತದ ಗುಂಪು, ಮನೆಯವರ ಫೋನ್, ಬೂಟಿನ ಅಳತೆ, ಹಳೆಯ ಗಾಯ, ಯಾವ ಕಾಲು, ಯಾವ ಜಾಗ. ಕೆಳಗೆ ಮೂರು ವರ್ಷಕ್ಕೆ ಮೂರು ಕೋಷ್ಟಕ: ಅಭ್ಯಾಸದ ಹಾಜರಿ, ಆಡಿದ ನಿಮಿಷ, ಗಾಯ.

ಹೆಸರಿನ ವಿಷಯದಲ್ಲೇ ಅತಿ ಹೆಚ್ಚು ತಂಡಗಳು ಮುಗ್ಗರಿಸುವುದು. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಕಾಲೇಜು ಐಡಿಯಲ್ಲಿ ಮನೆತನದ ಹೆಸರೇ ಇಲ್ಲ. ಎಲಿಜಿಬಿಲಿಟಿ ಫಾರ್ಮ್ ಪರಿಶೀಲಿಸುವವರು ಎದುರಾಳಿ ಕಾಲೇಜಿನ ಆಕ್ಷೇಪಣೆ ಬಂದ ಮೇಲೆ ಇದನ್ನೆಲ್ಲ ಹೆಕ್ಕುತ್ತಾರೆ, ಗೆದ್ದ ಪಂದ್ಯ ಕೈತಪ್ಪುತ್ತದೆ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ವಯಸ್ಸಿನ ಮಿತಿಯ ಜೊತೆಗೆ ಪಿಯುಸಿ ಮುಗಿದು ಎಷ್ಟು ವರ್ಷವಾಯಿತು ಎಂಬ ಲೆಕ್ಕವನ್ನೂ ನೋಡುತ್ತಾರೆ. ನಡುವೆ ಎರಡು ವರ್ಷ ಗಲ್ಫಿಗೆ ಹೋಗಿ ಬಂದು ಪದವಿಗೆ ಸೇರಿದ ಹುಡುಗ, ಒಂದು ಕೋರ್ಸ್ ಬಿಟ್ಟು ಇನ್ನೊಂದಕ್ಕೆ ಸೇರಿದ ಹುಡುಗ, ಇವರಿಬ್ಬರ ಕಾಗದ ಮೊದಲು ನೋಡಿ. ಅಂಕಪಟ್ಟಿ, ಶುಲ್ಕದ ರಸೀದಿ, ಫೋಟೊ ಎಲ್ಲ ಪ್ರಾಂಶುಪಾಲರ ಸಹಿಯೊಂದಿಗೆ ಆಗಸ್ಟ್ ಕೊನೆಯೊಳಗೆ ಸಿದ್ಧವಿರಲಿ.

ಹಾಜರಿಗೂ ಇದೇ ಶಿಸ್ತು. 75 ಶೇಕಡಾ ಹಾಜರಿಯ ನಿಯಮ ಆಟಗಾರನನ್ನು ಬಿಡುವುದಿಲ್ಲ. ಓಡಿ (ಆನ್ ಡ್ಯೂಟಿ) ಪತ್ರ ಟೂರ್ನಿಗೆ ಹೋಗುವ ಮೊದಲೇ ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿರಬೇಕು. ಬಂದ ಮೇಲೆ ಕೊಟ್ಟರೆ ಅದು ಕೋರಿಕೆ, ಮೊದಲೇ ಕೊಟ್ಟರೆ ಮಾಹಿತಿ. ಬಿಎಸ್ಸಿ ಹುಡುಗರ ಪ್ರಾಕ್ಟಿಕಲ್ ಮಾತ್ರ ತಪ್ಪಿಸಬೇಡಿ. ಥಿಯರಿ ಕ್ಲಾಸನ್ನು ಗೆಳೆಯನ ನೋಟ್ಸಿನಲ್ಲಿ ಹಿಡಿಯಬಹುದು, ಲ್ಯಾಬನ್ನು ಹಿಡಿಯಲು ಆಗದು.

ಆಯ್ಕೆ

ಟ್ರಯಲ್ಸಿಗೆ ಅರವತ್ತು ಎಪ್ಪತ್ತು ಹುಡುಗರು ಬಂದಾಗ ಕೋನ್ ನಡುವೆ ಡ್ರಿಬಲ್ ಮಾಡಿಸಿ ಸಮಯ ಬರೆದುಕೊಳ್ಳುವ ಪದ್ಧತಿ ಈಗಲೂ ಇದೆ. ಅದರಿಂದ ಕೋನ್ ದಾಟುವವನು ಸಿಗುತ್ತಾನೆ, ಆಟಗಾರ ಸಿಗುವುದಿಲ್ಲ. ಮೊದಲ ದಿನ 30×20 ಮೀಟರಿನ ಮೂರು ಅಂಕಣ ಹಾಕಿ ಐದು ಐದು ಜನರ ಆಟ ಆಡಿಸಿ, ಎಂಟು ನಿಮಿಷಕ್ಕೊಮ್ಮೆ ತಂಡ ಕಲಸಿ. ಬೆನ್ನ ಮೇಲೆ ನಂಬರ್ ಇರಲಿ, ಹೆಸರು ಬೇಡ. ಹೆಸರು ಗೊತ್ತಿದ್ದರೆ ಕಣ್ಣು ಪರಿಚಯದವರ ಕಡೆಗೇ ಹೋಗುತ್ತದೆ. ಇಬ್ಬರು ಬೇರೆ ಬೇರೆ ನಿಂತು ನಾಲ್ಕೇ ವಿಷಯಕ್ಕೆ 1ರಿಂದ 5ರ ಅಂಕ ಹಾಕಿ: ಮೊದಲ ಟಚ್, ಬಾಲ್ ಬರುವ ಮೊದಲು ತಲೆ ಎತ್ತಿ ನೋಡುವುದು, ಬಾಲ್ ಕಳೆದುಕೊಂಡ ಮೇಲಿನ ಐದು ಸೆಕೆಂಡು, ದುರ್ಬಲ ಕಾಲು. ಎರಡನೇ ದಿನ ಉಳಿದ ಮೂವತ್ತು ಚಿಲ್ಲರೆ ಜನರಿಗೆ ಪೂರ್ಣ ಮೈದಾನದಲ್ಲಿ ಹನ್ನೊಂದರ ಆಟ.

ಕಾಸರಗೋಡು ಕಡೆಯಿಂದ ರೈಲಿನಲ್ಲಿ ಬರುವ ಹುಡುಗರಲ್ಲಿ ಸೆವೆನ್ಸ್ (ಚಿಕ್ಕ ಮೈದಾನದಲ್ಲಿ ಏಳು ಏಳು ಜನರ ಫುಟ್‌ಬಾಲ್) ಆಡಿ ಬೆಳೆದವರು ಬಹಳ. ಅವರ ಶಾಟ್, ಇಕ್ಕಟ್ಟಿನಲ್ಲಿ ಬಾಲ್ ಉಳಿಸಿಕೊಳ್ಳುವ ಚಾಕಚಕ್ಯತೆ ಮೊದಲ ದಿನ ಎಲ್ಲರ ಕಣ್ಣು ಕುಕ್ಕುತ್ತದೆ. ಎರಡನೇ ದಿನ ದೊಡ್ಡ ಮೈದಾನದಲ್ಲಿ ಬಾಲ್ ಇಲ್ಲದಾಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತಾರೆ. ಅದು ದೋಷವಲ್ಲ, ಕಲಿಸದೇ ಇದ್ದದ್ದು. ಎರಡು ತಿಂಗಳಲ್ಲಿ ಸರಿಹೋಗುತ್ತದೆ, ಆದ್ದರಿಂದ ಅವರನ್ನು ಕೈಬಿಡಬೇಡಿ. ದುಡ್ಡಿನ ಸೆವೆನ್ಸ್ ಟೂರ್ನಿಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿಯೂ ಪ್ರಯೋಜನವಿಲ್ಲ, ಹೇಳದೆ ಹೋಗುತ್ತಾರೆ. ಹೇಳಿ ಹೋಗಲಿ, ಕಾಲೇಜು ಪಂದ್ಯದ ಹಿಂದಿನ 48 ಗಂಟೆಯೊಳಗೆ ಮಾತ್ರ ಆಡಬಾರದು ಎಂಬ ಒಂದೇ ನಿಯಮ ಸಾಕು. ಇದನ್ನು ಮುರಿದವನು ಎಷ್ಟೇ ದೊಡ್ಡ ಆಟಗಾರನಾದರೂ ಆ ಪಂದ್ಯದಲ್ಲಿ ಬೆಂಚಿನಲ್ಲಿ ಕೂರಬೇಕು.

ಇನ್ನು ತಂಡದ ರಚನೆ. ಇಪ್ಪತ್ತು ಜನರ ಪಟ್ಟಿಯಲ್ಲಿ ಅಂತಿಮ ವರ್ಷದವರು ಎಂಟಕ್ಕಿಂತ ಹೆಚ್ಚಿರಬಾರದು. ಉಳಿದದ್ದು ಎರಡನೇ ವರ್ಷ ಆರು, ಮೊದಲ ವರ್ಷ ಆರು. ಹದಿನಾಲ್ಕು ಅಂತಿಮ ವರ್ಷದವರನ್ನು ಇಟ್ಟುಕೊಂಡು ಕಪ್ ಗೆದ್ದ ಕಾಲೇಜು ಮರುವರ್ಷ ಮೊದಲ ಸುತ್ತಿನಲ್ಲೇ ಮನೆಗೆ ಹೋಗುವುದು ಇದೇ ಕಾರಣಕ್ಕೆ. ಗೋಲಿಗಳು (ಗೋಲ್‌ಕೀಪರ್‌ಗಳು) ಮೂವರು, ಮೂರು ವರ್ಷದಿಂದ ಒಬ್ಬೊಬ್ಬರು. ಮೊದಲ ವರ್ಷದ ಗೋಲಿಗೆ ಲೀಗ್ ಹಂತದಲ್ಲಿ, ಗೆಲುವು ಖಚಿತವಾದ ಪಂದ್ಯದಲ್ಲಿ ಕೊನೆಯ 20 ನಿಮಿಷ ಕೊಡಿ. ಕ್ಯಾಪ್ಟನ್ ಅಂತಿಮ ವರ್ಷದವನಾದರೆ ವೈಸ್ ಕ್ಯಾಪ್ಟನ್ ಎರಡನೇ ವರ್ಷದವನೇ ಆಗಬೇಕು. ಆಡಿದ ನಿಮಿಷದ ಕೋಷ್ಟಕ ಇರುವುದು ಇದಕ್ಕೇ: ವರ್ಷದ ಒಟ್ಟು ಆಟದಲ್ಲಿ ಕಿರಿಯರ ಪಾಲು ಮೂರರಲ್ಲೊಂದಕ್ಕಿಂತ ಕಡಿಮೆಯಿದ್ದರೆ ಮುಂದಿನ ವರ್ಷ ಕಷ್ಟ ಇದೆ ಎಂದು ಅರ್ಥ.

ಮೈದಾನ

ನಮ್ಮಲ್ಲಿ ಹೆಚ್ಚಿನ ಕಾಲೇಜು ಮೈದಾನಗಳು ಗುಡ್ಡ ಕಡಿದು ಸಮತಟ್ಟು ಮಾಡಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ. ಜುಲೈಯಲ್ಲಿ ಕೆಸರು, ಜನವರಿಯಲ್ಲಿ ಬಂಡೆ. ಮೇ ತಿಂಗಳ ಕೊನೆಯೊಳಗೆ, ಅಂದರೆ ಪತ್ತನಾಜೆಯ ಹೊತ್ತಿಗೆ, ಮೂರು ಕೆಲಸ ಮುಗಿದಿರಬೇಕು. ಗುಡ್ಡದ ಬದಿಯ ಅಂಚಿನಲ್ಲಿ ನೀರು ಹೋಗುವ ಕಣಿ ಬಿಡಿಸುವುದು. ಮೇಲಿನ ನೀರು ಮೈದಾನಕ್ಕೆ ಇಳಿಯದಿದ್ದರೆ ಅರ್ಧ ಸಮಸ್ಯೆ ತೀರಿತು. ಗೋಲಿನ ಎದುರಿನ ಹೊಂಡಕ್ಕೆ ಕೆಂಪುಮಣ್ಣು, ಮರಳು ಬೆರೆಸಿ ತುಂಬಿ ಗುದ್ದುವುದು. ಕಬ್ಬಿಣದ ಗೋಲ್‌ಪೋಸ್ಟಿನ ಬುಡ ಸುತ್ತಿಗೆಯಿಂದ ತಟ್ಟಿ ನೋಡುವುದು. ಸಮುದ್ರದ ಗಾಳಿಗೆ ತುಕ್ಕು ಹಿಡಿಯುವುದು ಬುಡದಲ್ಲೇ, ಮೇಲಿನ ಬಿಳಿ ಬಣ್ಣದಲ್ಲಿ ಅದು ಕಾಣದು. ಟೊಳ್ಳು ಸದ್ದು ಬಂದರೆ ವೆಲ್ಡರನ್ನು ಕರೆಸಿ. ಎತ್ತಿ ಇಡುವ ಗೋಲುಗಳನ್ನು ಹಿಂಬದಿಯ ಪೈಪಿನ ಮೇಲೆ ಮರಳಿನ ಚೀಲ ಹಾಕದೆ ಒಂದು ದಿನವೂ ಬಿಡಬೇಡಿ. ಮಕ್ಕಳು ಕ್ರಾಸ್‌ಬಾರಿಗೆ ಜೋತುಬಿದ್ದು ಗೋಲು ಮಗುಚಿದರೆ ಜೀವವೇ ಹೋಗಬಹುದು.

ಗೆರೆ ಹಾಕಲು ಫೈಬರ್ ಟೇಪ್ ಬಳಸಿ, ಒದ್ದೆ ಹಗ್ಗದ ಅಳತೆ ನಂಬುವಂತಿಲ್ಲ. ಮೊದಲು ಒಂದು ಉದ್ದಗೆರೆ ಎಳೆದು, ಮೂಲೆಯಲ್ಲಿ 6 ಮೀಟರ್ ಒಂದು ಬದಿ, 8 ಮೀಟರ್ ಇನ್ನೊಂದು ಬದಿ ಗುರುತು ಮಾಡಿ; ಆ ಎರಡು ಗುರುತಿನ ನಡುವೆ ಸರಿಯಾಗಿ 10 ಮೀಟರ್ ಬಂದರೆ ಮೂಲೆ ನೇರ. 100×64 ಮೀಟರಿನ ಅಂಕಣದಲ್ಲಿ ಎರಡೂ ಕರ್ಣಗಳು 118.7 ಮೀಟರ್ ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಇದ್ದರೆ ಅಂಕಣ ಓರೆಯಾಗಿದೆ. ಗೋಲು 7.32 ಅಗಲ, 2.44 ಎತ್ತರ. ಪೋಸ್ಟಿನ ಒಳ ಅಂಚಿನಿಂದ ಎರಡೂ ಕಡೆ 16.5 ಮೀಟರ್ ಅಳೆದರೆ ಪೆನಾಲ್ಟಿ ಬಾಕ್ಸ್, 5.5 ಅಳೆದರೆ ಗೋಲ್ ಏರಿಯಾ. ಪೆನಾಲ್ಟಿ ಚುಕ್ಕೆ 11 ಮೀಟರಿಗೆ, ಅಲ್ಲಿಂದ 9.15ರ ಕಮಾನು, ಮಧ್ಯದ ವೃತ್ತವೂ 9.15. ಜಾಗ ಸಾಲದಿದ್ದರೆ ಉದ್ದ ಅಗಲ ಕಡಿಮೆ ಮಾಡಿ. ನಿಯಮ 90×45ರವರೆಗೆ ಒಪ್ಪುತ್ತದೆ. ಬಾಕ್ಸನ್ನು ಮಾತ್ರ ಕುಗ್ಗಿಸಬೇಡಿ. ಚಿಕ್ಕ ಬಾಕ್ಸಿನಲ್ಲಿ ಅಭ್ಯಾಸ ಮಾಡಿದ ಗೋಲಿ ಟೂರ್ನಿಯಲ್ಲಿ ಎಲ್ಲಿವರೆಗೆ ಕೈ ಹಾಕಬಹುದೆಂದು ಅಂದಾಜು ತಪ್ಪುತ್ತಾನೆ. ಗೆರೆಗೆ ಚಾಕ್ ಪುಡಿಯೇ ಇರಲಿ. ಸುಟ್ಟ ಸುಣ್ಣ ಅಗ್ಗವೆಂದು ಹಾಕಿದರೆ ಬೆವರು, ಮಳೆನೀರಿನ ಜೊತೆ ಸೇರಿ ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ಇನ್ನೂ ಅಪಾಯ.

ಹೊರಗಿನ ಮೈದಾನ ನಂಬಿದವರು ಮಂಗಳೂರಿನ ನೆಹರೂ ಮೈದಾನ, ಉಡುಪಿಯ ಅಜ್ಜರಕಾಡು ಎರಡರಲ್ಲೂ ಆಗಸ್ಟ್ 15ರ ಪೆರೇಡಿನ ತಾಲೀಮಿಗೆ ಹಿಂದಿನ ದಿನಗಳಲ್ಲಿ ಜಾಗ ಸಿಗುವುದು ಕಷ್ಟ ಎಂದು ಮೊದಲೇ ಲೆಕ್ಕ ಹಾಕಬೇಕು. ಅನುಮತಿ ಲಿಖಿತದಲ್ಲೇ ಇರಲಿ.

ಮಳೆಗಾಲದ ಅಭ್ಯಾಸ

ಬೇರೆ ಊರಿನ ಪುಸ್ತಕದ ವೇಳಾಪಟ್ಟಿ ಇಲ್ಲಿ ಕೆಲಸಕ್ಕೆ ಬರದಿರುವುದು ಇದರಿಂದಾಗಿ. ತಂಡ ಕಟ್ಟಬೇಕಾದ ತಿಂಗಳುಗಳೇ ಮಳೆಯ ತಿಂಗಳುಗಳು. ಆಟಿಯಲ್ಲಿ (ಜುಲೈ, ಆಗಸ್ಟ್ ನಡುವಿನ ತುಳು ತಿಂಗಳು) ಮೈದಾನ ವಾರಕ್ಕೆ ಎರಡು ದಿನ ಸಿಕ್ಕಿದರೆ ಪುಣ್ಯ. ಹೀಗೆ ಹಂಚಿಕೊಳ್ಳಿ: ವಾರದ ಐದು ಅಭ್ಯಾಸದಲ್ಲಿ ಎರಡು ಮೈದಾನದಲ್ಲಿ, ಎರಡು ಸಭಾಂಗಣದಲ್ಲೋ ಶಟಲ್ ಕೋರ್ಟಿನಲ್ಲೋ, ಒಂದು ಬೋರ್ಡಿನ ಎದುರು.

ಒಳಗಿನ ದಿನಗಳಿಗೆ ಹೆಚ್ಚು ಪುಟಿಯದ ನಾಲ್ಕನೇ ನಂಬರಿನ ಫುಟ್ಸಾಲ್ ಬಾಲ್ ಎರಡು ಸಾಕು. ಐದು ಜನ ಸುತ್ತ, ಇಬ್ಬರು ಒಳಗೆ, 8×8 ಮೀಟರಿನ ಚೌಕ, ಎರಡೇ ಟಚ್. ಆಮೇಲೆ ಶಕ್ತಿಯ ಕೆಲಸ: ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ, ಹಿಮ್ಮಡಿ ಹಿಡಿಸಿಕೊಂಡು ನಿಧಾನ ಮುಂದಕ್ಕೆ ಬಾಗುವುದು) 3ರಿಂದ 5 ಸಲ, ಒಂದೇ ಸುತ್ತು, ಪ್ರತಿ ವಾರ ಸ್ವಲ್ಪ ಏರಿಸಿ, ಸೈಡ್ ಪ್ಲ್ಯಾಂಕ್ 30 ಸೆಕೆಂಡು, ಮೂರು ಸಲ, ಒಂಟಿ ಕಾಲಿನ ಬ್ಯಾಲೆನ್ಸ್, ಕುಕ್ಕರು ಬೈಠಕ್. ಮೊದಲ ದಿನವೇ ನಾರ್ಡಿಕ್ ಹತ್ತು ಹತ್ತು ಮಾಡಿಸಿದರೆ ಹುಡುಗರಿಗೆ ನಾಲ್ಕು ದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ, ಐದನೇ ದಿನ ಅವರು ಬರುವುದೂ ಇಲ್ಲ.

ಮೈದಾನದ ದಿನ 90 ನಿಮಿಷಕ್ಕಿಂತ ಹೆಚ್ಚು ಬೇಡ. ಮೊದಲ 20 ನಿಮಿಷ ಫಿಫಾ 11+ ವಾರ್ಮ್‌ಅಪ್: 8 ನಿಮಿಷ ಓಟ, 10 ನಿಮಿಷ ಶಕ್ತಿ, ನೆಗೆತ, ಸಮತೋಲನ, 2 ನಿಮಿಷ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದರೆ ಮಾತ್ರ ಮಂಡಿ, ಹಿಂದೊಡೆಯ ಗಾಯ ಕಡಿಮೆಯಾಗುತ್ತದೆ. ನಂತರ 25 ನಿಮಿಷ ಆ ದಿನದ ಒಂದೇ ಪಾಠ, 30 ನಿಮಿಷ ಅದೇ ಪಾಠ ಇರುವ ಆಟ, ಕೊನೆಗೆ ಕೈಕಾಲು ಸಡಿಲಿಸುವುದು. ನೀರು ನಿಂತ ನೆಲದಲ್ಲಿ ನೆಲಪಾಸ್ ಕಲಿಸಲು ಹೋಗಬೇಡಿ, ಬಾಲ್ ಹೊಂಡದಲ್ಲಿ ಸಿಕ್ಕಿಕೊಂಡು ಹುಡುಗರಿಗೆ ಸಿಟ್ಟು ಬರುತ್ತದೆ. ಆ ದಿನ ಎತ್ತರದ ಬಾಲ್ ತಡೆಯುವುದು, ತಲೆಯಿಂದ ಹೊರಟ ಬಾಲ್ ಬೀಳುವ ಜಾಗಕ್ಕೆ ಮೊದಲು ತಲುಪುವುದು, ಒದ್ದೆ ಬಾಲನ್ನು ಗೋಲಿ ಹಿಡಿಯದೆ ಬದಿಗೆ ಗುದ್ದುವುದು ಕಲಿಸಿ. ಗೋಲಿನ ಎದುರಿನ ನೆಲ ಉಳಿಯಬೇಕಾದರೆ ಡ್ರಿಲ್‌ಗಳನ್ನು ಬದಿಗೆರೆಯ ಹತ್ತಿರ, ಚಿಕ್ಕ ಗೋಲಿಟ್ಟು ಮಾಡಿ.

ಆರೋಗ್ಯದ ಎರಡು ಮಾತು. ಒದ್ದೆ ಬಿಬ್ ಒಬ್ಬರದ್ದು ಇನ್ನೊಬ್ಬರು ಹಾಕಿದರೆ ತಂಡಕ್ಕೆಲ್ಲ ಹುಳುಕಡ್ಡಿ ಹರಡುತ್ತದೆ. ಎರಡು ಬಣ್ಣದಲ್ಲಿ ಹನ್ನೆರಡು ಹನ್ನೆರಡು ಬಿಬ್, ಪ್ರತಿಯೊಂದಕ್ಕೂ ನಂಬರ್, ಅವರವರದ್ದು ಅವರವರೇ ಒಗೆದು ತರಲಿ. ಕಾಲಿನಲ್ಲಿ ಗಾಯವಿದ್ದವನನ್ನು ನಿಂತ ನೀರಿಗೆ ಇಳಿಸಬೇಡಿ, ಇಲಿಜ್ವರ ಕರಾವಳಿಯಲ್ಲಿ ಮಳೆಗಾಲದ ಮಾಮೂಲಿ ರೋಗ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಒಟ್ಟಿಗೆ ಬಂದರೆ ಮಾತ್ರೆ ನುಂಗಿಸದೆ ಆಸ್ಪತ್ರೆಗೆ ಕಳಿಸಿ.

ಸಿಡಿಲಿಗೆ ಹೆದರಬೇಕಾದದ್ದು ಮುಖ್ಯವಾಗಿ ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲರೂ ಕಟ್ಟಡದೊಳಗೆ, ಕೊನೆಯ ಗುಡುಗಿನ ನಂತರ 30 ನಿಮಿಷ ಮೈದಾನಕ್ಕಿಲ್ಲ. ತೆಂಗಿನ ಮರದಡಿ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಟೂರ್ನಿಯ ಪಂದ್ಯವಾದರೂ ರೆಫ್ರಿಗೆ ಹೋಗಿ ಹೇಳಿ.

ಒಣ ತಿಂಗಳುಗಳು

ನವೆಂಬರಿನಿಂದ ನೆಲ ಗಟ್ಟಿಯಾಗುತ್ತ ಬಂದ ಹಾಗೆ ಕೆಸರಿಗೆ ತಂದ ಉದ್ದ ಸ್ಟಡ್ಡಿನ ಬೂಟು ಕಾಲಿಗೆ ಶತ್ರು. ಗಿಡ್ಡ ರಬ್ಬರ್ ಗುಬಟಿಗಳು ತುಂಬ ಇರುವ ಬೂಟಿಗೆ ಬದಲಿಸದಿದ್ದರೆ ಹಿಮ್ಮಡಿ ನೋವು, ಮುಂಗಾಲ ಎಲುಬಿನ ನೋವು ಡಿಸೆಂಬರಿನಲ್ಲಿ ಸಾಲಾಗಿ ಬರುತ್ತವೆ. ಬಾಲು ಕೂಡ ಮುರಕಲ್ಲಿಗೆ ಬೇಗ ಸವೆಯುತ್ತದೆ. ಅಭ್ಯಾಸಕ್ಕೆ ಇಬ್ಬರಿಗೊಂದರಂತೆ ಹತ್ತು ಹನ್ನೆರಡು ಗಟ್ಟಿ ರಬ್ಬರಿನವು, ಪಂದ್ಯಕ್ಕೆ ಬೇರೆಯಾಗಿ ಎರಡು. ಐದನೇ ನಂಬರಿನ ಬಾಲ್ 410ರಿಂದ 450 ಗ್ರಾಂ ತೂಗಬೇಕು. ಮಳೆಯಲ್ಲಿ ನೀರು ಕುಡಿದ ಹಳೆಯ ಹೊಲಿಗೆಯ ಬಾಲನ್ನು ಹೆಡ್ಡಿಂಗ್‌ಗೆ ಕೊಡಬೇಡಿ.

ಗೋಲಿಗಳ ಡೈವಿಂಗ್ ಅಭ್ಯಾಸಕ್ಕೆ ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಮರಳು ಒಳ್ಳೆಯದು. ಓಟಕ್ಕೆ ಮಾತ್ರ ಇಳಿತದ ಹೊತ್ತಿನ ಒದ್ದೆ ಗಟ್ಟಿ ಮರಳೇ ಆಗಬೇಕು, ವಾರಕ್ಕೊಮ್ಮೆ, 20 ನಿಮಿಷದಿಂದ ಶುರು. ಸಡಿಲ ಮರಳಲ್ಲಿ ಗಂಟೆಗಟ್ಟಲೆ ಓಡಿಸಿದರೆ ಹಿಮ್ಮಡಿಯ ನರ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಡಲ ಕಡೆ ಹೋಗಲೇಬೇಡಿ. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಕೆಲವು ಮನೆಗಳ ಹುಡುಗರು ಬೆಳಿಗ್ಗೆ ಮೀನಿನ ಧಕ್ಕೆಗೆ (ಬಂದರಿಗೆ) ಹೋಗಬೇಕಾಗುತ್ತದೆ. ಗೈರುಹಾಜರಿ ಹಾಕುವ ಮೊದಲು ಒಂದು ಮಾತು ಕೇಳಿ, ಸಂಜೆಗೆ ಬದಲಿಸಿ ಕೊಡಿ.

ಸೆಕೆಗೆ ನೀರು ಮಾತ್ರ ಸಾಲದು. ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆ. ಇದಕ್ಕೆ ಪುನರ್ಪುಳಿಯ ರಸ ಹಿಂಡಿದರೆ ಕೇಳಿ ಕುಡಿಯುತ್ತಾರೆ. ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿ. 60 ಕಿಲೋದವನು ಒಂದೂಕಾಲು ಕಿಲೋ ಇಳಿದಿದ್ದರೆ ಅವನು ಕುಡಿದದ್ದು ಸಾಲಲಿಲ್ಲ. ರಂಜಾನ್ ತಿಂಗಳಲ್ಲಿ ಉಪವಾಸದ ಹುಡುಗರಿಗೆ ಇಫ್ತಾರಿಗೆ ಮುಂಚಿನ ಹೊತ್ತಿನಲ್ಲಿ ಹಗುರ ಬಾಲ್ ಕೆಲಸ, ಬೋರ್ಡ್ ಪಾಠ ಅಷ್ಟೆ. ಗೆಳೆಯರ ಪಂದ್ಯಗಳನ್ನು ಶುಕ್ರವಾರ ಮಧ್ಯಾಹ್ನಕ್ಕೂ ಭಾನುವಾರ ಬೆಳಗಿನ ಚರ್ಚಿನ ಪೂಜೆಯ ಹೊತ್ತಿಗೂ ಇಡಬೇಡಿ. ಅಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಉಡುಪಿಯಲ್ಲಿ ಯಾರನ್ನೂ ಅಭ್ಯಾಸಕ್ಕೆ ಕರೆಯುವುದು ವ್ಯರ್ಥ.

ಪಂದ್ಯದ ದಿನ

ಮೂರು ಗಂಟೆ ಮೊದಲು ಊಟ: ಇಡ್ಲಿ, ಅನ್ನ ತಿಳಿಸಾರು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಬನ್ಸ್, ಗೋಳಿಬಜೆ ಗೆದ್ದ ಮೇಲೆ. ಮೈದಾನಕ್ಕೆ 75 ನಿಮಿಷ ಮೊದಲು ತಲುಪಿ. ಸರ್ವಿಸ್ ಬಸ್ಸನ್ನು ನಂಬಿ ಹೊರಟರೆ ಹೆದ್ದಾರಿಯಲ್ಲೇ ವಾರ್ಮ್‌ಅಪ್ ಮುಗಿಯುತ್ತದೆ. ಪಂದ್ಯದ ಅವಧಿ, ಎಷ್ಟು ಬದಲಿ ಆಟಗಾರರು, ಸಮಬಲವಾದರೆ ಏನು ಎಂದು ಸಂಘಟಕರಿಂದ ಬರೆಸಿಕೊಳ್ಳಿ, ಕಾಲೇಜು ಟೂರ್ನಿಗಳಲ್ಲಿ ಇದು ಊರಿಗೊಂದು ಥರ. ಮಧ್ಯಂತರದ ಮೊದಲ ಮೂರು ನಿಮಿಷ ಬಾಯಿ ಬಿಡಬೇಡಿ, ನೀರು ಕುಡಿಯಲಿ. ಆಮೇಲೆ ಎರಡೇ ವಿಷಯ ಹೇಳಿ, ಮೂರನೆಯದು ಯಾರ ಕಿವಿಗೂ ಹೋಗುವುದಿಲ್ಲ. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕಾದವನು ‘ಸರ್, ಸರಿ ಇದ್ದೇನೆ’ ಎಂದರೂ ಆ ದಿನ ಮತ್ತೆ ಇಳಿಯುವ ಹಾಗಿಲ್ಲ.

ಹಳೆಯ ಹುಡುಗರು, ಮುಂದಿನ ಕೋಚ್

ಹತ್ತು ವರ್ಷ ದಾಟಿದ ಕೋಚ್‌ನ ಬಳಿ ಹತ್ತಿರ ಹತ್ತಿರ ನೂರು ಹಳೆಯ ಆಟಗಾರರಿರುತ್ತಾರೆ. ಅವರಿಂದ ಜೆರ್ಸಿಗೆ ದುಡ್ಡು ಕೇಳುವುದೇ ಹೆಚ್ಚು. ಅದಕ್ಕಿಂತ ಸಮಯ ಕೇಳಿ: ಜುಲೈಯ ಟ್ರಯಲ್ಸಿಗೆ ಎರಡನೇ ಅಂಕ ಹಾಕುವವರು, ವರ್ಷಕ್ಕೊಮ್ಮೆ ಸೀನಿಯರ್ ತಂಡವಾಗಿ ಎದುರು ಆಡುವವರು, ಶಾಲೆಗಳಲ್ಲಿ ಪಿಟಿ ಮಾಸ್ಟ್ರಾಗಿ ಸೇರಿದವರು. ಮುಂದಿನ ನಾಲ್ಕು ವರ್ಷದ ಆಟಗಾರರು ಇವರ ಕೈಕೆಳಗೇ ಬೆಳೆಯುತ್ತಿರುತ್ತಾರೆ. ಇವರ ಶಾಲೆಗಳಿಗೆ ಪ್ರತಿ ಡಿಸೆಂಬರಿನಲ್ಲಿ ಹಳೆಯ ಬಾಲ್ ನಾಲ್ಕು ಕಳಿಸಿ, ಒಂಬತ್ತು, ಹತ್ತನೇ ತರಗತಿಯ ಪಂದ್ಯ ಹೋಗಿ ನೋಡಿ, ರಿಜಿಸ್ಟರಿನ ಕೊನೆಯ ಹತ್ತು ಪುಟಗಳಲ್ಲಿ ಆ ಮಕ್ಕಳ ಹೆಸರು ಬರೆದಿಡಿ.

ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಸಹಾಯಕನೊಬ್ಬನನ್ನು ಗೌರವಧನದ ಮೇಲಾದರೂ ತೆಗೆದುಕೊಳ್ಳುವಂತೆ ಆಡಳಿತ ಮಂಡಳಿಗೆ ಬರೆಯಿರಿ. ಮೊದಲ ವರ್ಷ ಅವರು ಮಳೆಗಾಲದ ಒಳಾಂಗಣ ಅಭ್ಯಾಸ ನೋಡಿಕೊಳ್ಳಲಿ, ಎರಡನೇ ವರ್ಷ ಆಯ್ಕೆಪಟ್ಟಿಗೆ ಸಹಿ ಅವರದ್ದೇ ಇರಲಿ, ನೀವು ಪಕ್ಕದಲ್ಲಿ ನಿಲ್ಲಿ. ಕೊಡಬೇಕಾದ್ದರ ಪಟ್ಟಿ: ರಿಜಿಸ್ಟರುಗಳು, ಸುತ್ತೋಲೆಗಳ ಫೈಲು, ಮೈದಾನದ ಅಳತೆಯ ನಕ್ಷೆ, ಸಾಮಾನು ಕೋಣೆಯ ಎರಡೂ ಕೀ, ಹಳೆಯ ಆಟಗಾರರ ವಾಟ್ಸಾಪ್ ಗುಂಪಿನ ಅಡ್ಮಿನ್ ಹಕ್ಕು, ಅಂಗಡಿಯ ಬಾಕಿ ಲೆಕ್ಕ. ಬಾಕಿ ಲೆಕ್ಕ ನಿಮ್ಮ ಅವಧಿಯಲ್ಲೇ ತೀರಿಸಿ ಹೋಗಿ, ಹೊಸಬರು ಮೊದಲ ದಿನವೇ ಜೆರ್ಸಿ ಅಂಗಡಿಯವನ ಮುಖ ತಪ್ಪಿಸಿ ಓಡಾಡುವ ಹಾಗೆ ಆಗಬಾರದು.